ಬನಿಯನ್‌ನಲ್ಲಿ ಕೂತ ದಫೇದಾರರು

ದಫೇದಾರರು ಟೋಪಿ ತೆಗೆದರೆ ಅವರ ಮುಖ ಎರಡು ಬಣ್ಣವಾಗಿ ಕಾಣುತ್ತಿತ್ತು. ಟೋಪಿಯ ಗೆರೆಯಿಂದ ಕೆಳಗೆ ಹುಬ್ಬು, ಮೂಗು, ಮೀಸೆ, ಕತ್ತು ಎಲ್ಲ ಅದಿರಿನ ಧೂಳು ಕೂತು ಇಟ್ಟಿಗೆ ಕೆಂಪು. ಗೆರೆಯಿಂದ ಮೇಲೆ ಗೋಧಿ ಬಣ್ಣದ ಹಣೆ, ಅದರ ಮೇಲೆ ಬೆಳಿಗ್ಗೆ ಮನೆಯಲ್ಲಿ ಎಳೆದುಕೊಂಡು ಬಂದ ಮೂರೆಳೆ ವಿಭೂತಿ ಚೂರೂ ಕದಡದೆ ಹಾಗೇ ಇರುತ್ತಿತ್ತು. ಮಧ್ಯಾಹ್ನ ಊಟಕ್ಕೆ ಮುಂಚೆ ಅವರು ಮುಖ ತೊಳೆಯುವುದನ್ನು ನೋಡಬೇಕು. ವಿಭೂತಿಗೆ ಒಂದು ಹನಿಯೂ ತಾಗದ ಹಾಗೆ ಕೆಳಗಿನ ಅರ್ಧ ಮುಖವನ್ನಷ್ಟೇ ತೊಳೆಯುತ್ತಿದ್ದರು. ಕಾಲ ಬುಡದಲ್ಲಿ ಹರಿದುಹೋಗುವ ನೀರು ಕುಂಕುಮ ಕಲಸಿದಂತೆ ಇರುತ್ತಿತ್ತು.

ಅದು ಗಣಿಯ ಕಾಲ. ಸಂಡೂರಿನ ಗುಡ್ಡಗಳಿಂದ ಇಳಿದ ಅದಿರು ಲಾರಿಗಳು ಹೊಸಪೇಟೆಯ ಕಡೆಗೆ ಒಂದರ ಬಾಲ ಒಂದು ಹಿಡಿದಂತೆ ಸಾಗುತ್ತಿದ್ದವು. ಆ ರಸ್ತೆಯ ಒಂದು ಕ್ರಾಸಿನಲ್ಲಿ, ತಗಡಿನ ಸೂರಿನ ಕೆಳಗೆ ನಮ್ಮ ಔಟ್‌ಪೋಸ್ಟ್. ನಾನು ಕಂಪ್ಲಿಯವಳು, ತರಬೇತಿ ಮುಗಿಸಿ ಆಗಷ್ಟೇ ಬಂದ ಕಾನ್‌ಸ್ಟೇಬಲ್. ಅವರು ಹೆಡ್ ಕಾನ್‌ಸ್ಟೇಬಲ್, ಜನರ ಬಾಯಲ್ಲಿ ದಫೇದಾರರು. ನಮ್ಮಿಬ್ಬರನ್ನು ಜೋಡಿ ಮಾಡಿ ಅಲ್ಲಿಗೆ ಹಾಕಿದ ಇನ್ಸ್‌ಪೆಕ್ಟರ್ ಸಾಹೇಬರು ತಮಾಷೆಗೆ ಹಾಗೆ ಮಾಡಿದರೋ ಬೇರೆ ಯಾರೂ ಸಿಗದೆ ಮಾಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಒಣಕಲು, ಅವರು ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡವರು. ನಾನು ತರಬೇತಿಯಲ್ಲಿ ಓಟಕ್ಕೆ ಬಹುಮಾನ ತಗೊಂಡವಳು, ಅವರು ಓಡಿದ್ದನ್ನು ಠಾಣೆಯಲ್ಲಿ ಯಾರೂ ಕಂಡಿರಲಿಲ್ಲ. ನನಗೆ ಕಾನೂನಿನ ಪುಸ್ತಕ ಬಾಯಿಪಾಠವಾಗಿತ್ತು. ಅವರಿಗೆ ಆ ರಸ್ತೆಯಲ್ಲಿ ಓಡಾಡುವ ಡ್ರೈವರುಗಳ ಮನೆಯ ಸಮಾಚಾರ ಬಾಯಿಪಾಠವಾಗಿತ್ತು.

ಮೊದಲ ದಿನ ಬೂಟು ಕುಟ್ಟಿ, "ಡ್ಯೂಟಿಗೆ ಹಾಜರ್, ಸರ್" ಎಂದೆ.

ಅವರು ಕೂತಲ್ಲಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕುಂದ್ರವ್ವ ಮೊದ್ಲು. ನಾವು ನಿಂತ್ರೂ ಲಾರಿ ಹೋಗ್ತಾವ, ಕುಂತ್ರೂ ಹೋಗ್ತಾವ. ಉಂಡಿಯಿಲ್ಲೋ?"

ಅವತ್ತಿನಿಂದ ನಾನು ಅವರಿಗೆ ಪೀಸಿಯವ್ವ. ಪಿ.ಸಿ. ಎಂಬ ಹುದ್ದೆಗೆ ಒಂದು ಅವ್ವ ಸೇರಿಸಿ ಅವರೇ ಮಾಡಿಕೊಂಡ ಹೆಸರು.

ಉಂಡೆಯಾ ಎಂಬ ಪ್ರಶ್ನೆ ಅವರು ಎಲ್ಲರಿಗೂ ಕೇಳುತ್ತಿದ್ದದ್ದೇ. ಆಂಧ್ರದಿಂದ ಬಂದ ಡ್ರೈವರುಗಳಿಗೆ ತೆಲುಗಿನಲ್ಲಿ, "ತಿನ್ನಾವಾ?" ಬಿಹಾರದಿಂದ ಬಂದವರಿಗೆ ತಮ್ಮದೇ ಒಂದು ಹಿಂದಿಯಲ್ಲಿ. ಲಾರಿ ನಿಲ್ಲಿಸಿ, ಬಾಗಿಲ ಮೇಲೆ ಕೈ ಊರಿ, ಮೊದಲು ಇದನ್ನು ಕೇಳಿ, ಆಮೇಲೆ ಡ್ರೈವರಿನ ಕಣ್ಣು ನೋಡುತ್ತಿದ್ದರು. ಕಣ್ಣು ಕೆಂಪಗಿದ್ದರೆ ಕೀ ಕಿತ್ತುಕೊಂಡು ತಮ್ಮ ಜೇಬಿಗೆ ಹಾಕಿಕೊಳ್ಳುವುದು. "ಹೋಗು, ಆ ಹುಣಸಿ ಗಿಡದ ಕೆಳಗ ಮಲ್ಕೋ. ಎದ್ದ ಮ್ಯಾಲ ಬಾ." ಕೆಲವು ದಿನ ಆ ಮರದ ನೆರಳಿನಲ್ಲಿ ಮದುವೆ ಮನೆಯ ಹಾಗೆ ಸಾಲಾಗಿ ಗಂಡಸರು ಮಲಗಿರುತ್ತಿದ್ದರು. ಲಾರಿ ಮಾಲೀಕರು ಫೋನಿನಲ್ಲಿ ಕೂಗಾಡುತ್ತಿದ್ದರೆ ದಫೇದಾರರು ಫೋನನ್ನು ಮೇಜಿನ ಮೇಲಿಟ್ಟು ಒಗ್ಗರಣೆ ಮಂಡಕ್ಕಿ ತಿನ್ನುತ್ತಾ ಕೂರುತ್ತಿದ್ದರು. ಆಗೊಮ್ಮೆ ಈಗೊಮ್ಮೆ ಅದರ ಕಡೆ ಬಾಗಿ "ಹೂನ್ರಿ" ಎನ್ನುವರು.

ನನಗೆ ಇದೆಲ್ಲ ಮೈಗಳ್ಳತನವೆಂದೇ ಕಂಡಿತು. "ಇವ್ರ ಮ್ಯಾಲ ಕೇಸ್ ಹಾಕ್ಬೇಕ್ರಿ. ತೂಕಾ ಹೆಚ್ಚೈತಿ, ಮ್ಯಾಲ ತಾಡಪಾಲ್ ಇಲ್ಲ" ಎಂದರೆ, "ಹಾಕೂಣು. ಅವ ಕಣ್ಣು ಬಿಡ್ಲಿ ತಡಿ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಷ್ಟರ ಮೇಲೆ ಔಟ್‌ಪೋಸ್ಟಿಗೆ ಇದ್ದದ್ದು ಒಂದೇ ಒಂದು ಹಳೆಯ ಮೊಪೆಡ್. ಅವರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ನಾನು ಮುಂದೆ, ಅವರು ಹಿಂದೆ. ಅವರು ಹತ್ತಿ ಕೂತ ಕೂಡಲೆ ಮುಂದಿನ ಗಾಲಿ ನೆಲ ಬಿಡಲು ನೋಡುತ್ತಿತ್ತು. ನಾವು ಹೊರಟರೆ ಚಹಾದಂಗಡಿಯವರು ಕೆಲಸ ಬಿಟ್ಟು ಹೊರಗೆ ಬಂದು ನಿಲ್ಲುತ್ತಿದ್ದರು.

ಆ ವರ್ಷ ಹೊಸಪೇಟೆಯ ಟಾಕೀಸಿಗೆ ಇಬ್ಬರು ಪೊಲೀಸರ ಸಿನಿಮಾ ಬಂತು. ಒಬ್ಬ ಇನ್ನೇನು ನಿವೃತ್ತಿಯಾಗುವ ಡೊಳ್ಳುಹೊಟ್ಟೆಯವನು, ಇನ್ನೊಬ್ಬ ಮೂಗಿನ ತುದಿಯಲ್ಲೇ ಸಿಟ್ಟಿರುವ ಹುಡುಗ. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಜೀಪು ಹಾರುತ್ತದೆ, ಗೋಡೆ ಒಡೆಯುತ್ತದೆ, ಕಲ್ಲು ಕ್ವಾರಿಯೊಂದರಲ್ಲಿ ಕಳ್ಳರನ್ನು ಸದೆಬಡಿಯುತ್ತಾರೆ, ಕೊನೆಗೆ ಅಪ್ಪಿಕೊಳ್ಳುತ್ತಾರೆ. ಮೊದಲ ದಿನ ನೂಕುನುಗ್ಗಲು ಆಗಬಹುದೆಂದು ನಮ್ಮಿಬ್ಬರನ್ನೂ ಬಂದೋಬಸ್ತಿಗೆ ಕಳಿಸಿದರು. ಮ್ಯಾಟಿನಿ ಶುರುವಾದ ಮೇಲೆ ಒಳಗೆ ಹಿಂದಿನ ಗೋಡೆಗೆ ಒರಗಿ ನಿಂತೆವು.

ದಫೇದಾರರು ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣು ಒರೆಸಿಕೊಂಡು, ನನ್ನ ತೋಳಿಗೆ ತಿವಿದು, "ನೋಡಲ್ಲಿ, ಅವನ ಪಿಸ್ತೂಲ್‌ನಾಗ ಗುಂಡು ಮುಗಿಯಂಗೇ ಇಲ್ಲ. ನಮಗ ಬ್ಯಾಟ್ರಿಗೆ ಸೆಲ್ ಕೊಡಂಗಿಲ್ಲ" ಎಂದರು. ಅವರ ನಗೆ ಗುರುತಿಸಿ ಮುಂದಿನ ಸಾಲಿನಲ್ಲಿದ್ದ ಒಬ್ಬ ಎದ್ದು ಹಿಂದೆ ನೋಡಿದ. "ಲೇ, ಅಲ್ಲಿ ಯಾಕ ನೋಡ್ತೀರಿ, ಜೋಡಿ ಇಲ್ಲೇ ನಿಂತೈತಿ" ಎಂದು ಕೂಗಿದ. ಟಾಕೀಸಿಗೆ ಟಾಕೀಸೇ ಪರದೆಗೆ ಬೆನ್ನು ಹಾಕಿ ನಮ್ಮನ್ನು ನೋಡಿ ನಕ್ಕಿತು. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ದಫೇದಾರರು ಮಾತ್ರ ಎದೆ ಸೆಟೆಸಿ, ಪರದೆಯ ಮೇಲಿನ ಹೀರೋ ಹೊಡೆದಂಥದ್ದೇ ಒಂದು ಸಲ್ಯೂಟ್ ಹೊಡೆದರು. ಜನ ಶಿಳ್ಳೆ ಹಾಕಿದರು.

ಮರುದಿನ ನಾನು ಸಾಹೇಬರ ಮುಂದೆ ನಿಂತು, ನನ್ನನ್ನು ಬೇರೆ ಎಲ್ಲಿಗಾದರೂ ಹಾಕಿ ಎಂದು ಕೇಳಿದೆ. ಆ ಕ್ರಾಸಿನಲ್ಲಿ ಇದ್ದರೆ ಕೆಲಸ ಕಲಿಯುವುದಿಲ್ಲ, ಮರ್ಯಾದೆಯೂ ಉಳಿಯುವುದಿಲ್ಲ ಎಂದೆ. "ನೋಡೋಣ, ಸ್ವಲ್ಪ ತಾಳು" ಎಂದರು ಅವರು. ಇದು ದಫೇದಾರರ ಕಿವಿಗೂ ಬಿತ್ತು. ಮಧ್ಯಾಹ್ನ ಅವರು ತಮ್ಮ ಬುತ್ತಿಯ ಮಿರ್ಚಿ ಬಜ್ಜಿಯನ್ನು ಎಂದಿನಂತೆ ಎರಡು ಭಾಗ ಮಾಡಿ, ದೊಡ್ಡದನ್ನು ನನ್ನ ಕಡೆ ಸರಿಸಿದರು.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಘಟನೆ ನಡೆಯಿತು.

ರಸ್ತೆಯ ಬದಿಯ ಒಂದು ಹಳ್ಳಿ. ಹೆಸರು ಬೇಡ. ಹೊಲದಿಂದ ಹುಲ್ಲಿನ ಹೊರೆ ಹೊತ್ತುಕೊಂಡು ಬರುತ್ತಿದ್ದ ಹೆಂಗಸಿಗೆ ಅದಿರು ಲಾರಿಯೊಂದು ತಾಗಿ ಕಾಲು ಚಕ್ರದಡಿ ಸಿಕ್ಕಿತ್ತು. ಊರವರೇ ಆಕೆಯನ್ನು ಟೆಂಪೋದಲ್ಲಿ ಹೊಸಪೇಟೆಯ ಆಸ್ಪತ್ರೆಗೆ ಸಾಗಿಸಿದ್ದರು. ಅಷ್ಟರಲ್ಲಿ ಆಕೆ ದಾರಿಯಲ್ಲೇ ಹೋದಳೆಂಬ ಸುದ್ದಿ ಹಬ್ಬಿತು. ಆ ಊರಿನ ಕೆಲವರು ಹಿಂದೆಯೂ ಅದೇ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತಿದ್ದರು. ಬೆಳೆಯ ಮೇಲೆ ಧೂಳು, ನೀರಿನಲ್ಲಿ ಧೂಳು, ಹೇಳಿಕೊಂಡರೆ ಕೇಳುವವರಿಲ್ಲ. ಇಷ್ಟು ದಿನದ್ದೆಲ್ಲ ಸೇರಿ ಅವತ್ತು ಹೊತ್ತಿಕೊಂಡಿತು. ಡ್ರೈವರ್ ಓಡಿಹೋಗಿ ಹಿಟ್ಟಿನ ಗಿರಣಿಯೊಳಗೆ ನುಗ್ಗಿದ್ದ. ಗಿರಣಿಯ ಮುದುಕ ಹೆದರಿ ಶಟರ್ ಎಳೆದುಕೊಂಡಿದ್ದ.

ಠಾಣೆಯ ಜೀಪು ಲಾರಿಗಳ ಸಾಲಿನ ಹಿಂದೆ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಮೊಪೆಡ್ಡಿನಲ್ಲಿ ಹೊಲದ ಬದುವಿನ ಮೇಲೆ ಹಾದು ನಾವಿಬ್ಬರೇ ಅಲ್ಲಿಗೆ ಮುಟ್ಟಿದೆವು. ಗಿರಣಿಯ ಮುಂದೆ ಊರಿಗೆ ಊರೇ ನಿಂತಿತ್ತು. ಕೈಯಲ್ಲಿ ಬಡಿಗೆ, ಕಲ್ಲು. ಒಬ್ಬ ಸೀಮೆಎಣ್ಣೆಯ ಡಬ್ಬಿ ಹಿಡಿದಿದ್ದ.

ದಫೇದಾರರು ಇಳಿದು ಅವರ ನಡುವೆ ಹೋದರು. "ಅವನನ್ನ ನನಗ ಬಿಡ್ರಪ್ಪ. ಕೋರ್ಟಿಗೆ ನಾ ನಿಂದ್ರಸ್ತೀನಿ."

"ನೀವು ಸರೀರಿ ದಫೇದಾರ್ರ" ಎಂದ ಒಬ್ಬ. "ದಿನಾ ಅವ್ರ ಲಾರಿಗೆ ಕೈ ಊರಿ ಮಾತಾಡೋರು ನೀವು. ನಮ್ಮ ಕಡಿ ಯಾವಾಗ ಇದ್ರಿ?"

ದಫೇದಾರರ ಮುಖದ ಮೇಲೆ ಅಂಥ ನೋವು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. "ಒಳಗ ಅದಾನೋ ಇಲ್ಲೋ ನೋಡಿ ಬರ್ತೀವಿ, ಅಲ್ಲೀತನಕ ತಡೀರಿ" ಎಂದು ಹೇಳಿ ನನ್ನನ್ನು ಕರೆದುಕೊಂಡು ಹಿತ್ತಲ ಕಡೆಗೆ ಹೋದರು. ಹಿಂದಿನ ಬಾಗಿಲಿಗೂ ಕೆಲವರು ಕಾವಲಿದ್ದರು. ಪೊಲೀಸರೆಂದು ದಾರಿ ಬಿಟ್ಟರು.

ಡ್ರೈವರ್ ಚೀಲಗಳ ಹಿಂದೆ ಮುದುಡಿ ಕೂತಿದ್ದ. ನಡುವಯಸ್ಸಿನವನು, ಆಂಧ್ರದವನು. ತಲೆಯಿಂದ ಕಾಲತನಕ ಜೋಳದ ಹಿಟ್ಟು ಮೆತ್ತಿಕೊಂಡು ಬೆಳ್ಳಗಾಗಿದ್ದ. ನಮ್ಮನ್ನು ಕಂಡು ಎರಡೂ ಕೈ ಮುಗಿದ. ಹೊರಗೆ ಶಟರಿಗೆ ಕಲ್ಲು ಬೀಳತೊಡಗಿದವು. ಗಿರಣಿಯ ಮುದುಕ ಮೂಲೆಯಲ್ಲಿ ಕೂತು ಶಿವ ಶಿವ ಎನ್ನುತ್ತಿದ್ದ.

ದಫೇದಾರರು ಡ್ರೈವರಿನ ಪ್ಯಾಂಟಿನ ಹಿಟ್ಟು ಕೊಡವಿ ನೋಡಿದರು. ಖಾಕಿ. ತಮ್ಮ ಅಂಗಿಯ ಗುಂಡಿ ಬಿಚ್ಚತೊಡಗಿದರು.

"ಏನ್ ಮಾಡಾಕತ್ತೀರಿ?" ಎಂದೆ.

"ಇವನಿಗೆ ನೌಕರಿ ಕೊಡಾಕತ್ತೀನಿ" ಎಂದರು. ಅವನ ಮುಖದ ಹಿಟ್ಟು ಒರೆಸಿ, ಅಂಗಿಯನ್ನು ಅವನ ಮೈಮೇಲೆ ಹಾಕಿ, ಬೆಲ್ಟು ಬಿಗಿದು, ಅಗಲ ಅಂಚಿನ ಟೋಪಿಯನ್ನು ಕಣ್ಣು ಮುಚ್ಚುವ ಹಾಗೆ ಕೆಳಗೆ ಎಳೆದರು. ಬೆಲ್ಟಿನ ತುದಿಯನ್ನು ನಾನು ಸಿಕ್ಕಿಸಿದೆ. "ಕೇಳು. ನಾ ಮುಂದ ಶಟರ್ ಎತ್ತತೀನಿ. ಸದ್ದು ಕೇಳಿದ್ರ ಹಿಂದಿನವ್ರೂ ಮುಂದ ಓಡಿ ಬರ್ತಾರ. ಆಗ ನೀ ಇವನನ್ನ ಕರ್ಕೊಂಡು ಹಿತ್ತಲಿಂದ ಹೋಗು. ಇಬ್ರು ಒಳಗ ಬಂದಾರ, ಇಬ್ರು ಹೊರಗ ಹೋಗ್ತೀರಿ. ಇವನನ್ನ ಬೈಕೊಂತ ಹೋಗು. ನನಗ ಮನಸಿನ್ಯಾಗ ಬೈತಿಯಲ್ಲ, ಹಂಗ ಬೈ."

"ನಿಮಗ ಏನಾರ ಆದ್ರ?"

"ನಾ ಇವ್ರಿಗೆ ಗೊತ್ತಿದ್ದಾವ" ಎಂದರು. ಅಷ್ಟೇ. ಬನಿಯನ್ನಿನ ಮೇಲೆ ಶಟರಿನ ಕಡೆಗೆ ನಡೆದರು.

ಶಟರ್ ಕಿರುಗುಟ್ಟಿದ ಕೂಡಲೆ ಹಿತ್ತಲಿನವರು ಮುಂದಕ್ಕೆ ಓಡಿದರು. ನಾನು ಬಾಗಿಲು ತೆಗೆದು ಡ್ರೈವರಿನ ತೋಳು ಹಿಡಿದು ಎಳೆದುಕೊಂಡು ಹೊರಟೆ. ಬಾಯಿಗೆ ಬಂದಂತೆ ಬೈದೆ. ಮೈಗಳ್ಳ ಎಂದೆ, ತಿನ್ನೋದು ಬಿಟ್ಟು ಏನು ಗೊತ್ತು ಎಂದೆ, ನಿಮ್ಮಂಥವರ ಸಂಗಡ ನನ್ನ ಹಾಕ್ಯಾರಲ್ಲ ಎಂದೆ. ದಾರಿಯಲ್ಲಿ ಎದುರಾದ ಒಬ್ಬಳು ಮುದುಕಿ, "ಹಂಗ ಯಾಕ ಬೈತಿಯವ್ವ, ವಯಸ್ಸಾದವ್ರಿಗೆ" ಎಂದಳು. ಬೈಯುತ್ತಲೇ ನನ್ನ ಕಣ್ಣಲ್ಲಿ ನೀರು ಬರತೊಡಗಿತ್ತು.

ಬದುವಿನ ಮೇಲೆ ಮೊಪೆಡ್ ಓಡಿಸುವಾಗ ಹಿಂದೆ ಕೂತವನು ಅಳುತ್ತಿದ್ದ. "ಆ ಅಮ್ಮ ಬತಿಕಿಂದಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ಆಕೆ ಬದುಕಿದ್ದಾಳೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಅವನಿಗೆ ಏನು ಹೇಳಬೇಕೆಂದೂ ತಿಳಿಯಲಿಲ್ಲ. ನನಗೆ ಬರುತ್ತಿದ್ದ ತೆಲುಗೇ ಒಂದು ಮಾತು. "ತಿನ್ನಾವಾ?" ಎಂದೆ. ಅವನು ಇನ್ನೂ ಜೋರಾಗಿ ಅತ್ತ. ಔಟ್‌ಪೋಸ್ಟಿಗೆ ಮುಟ್ಟಿ, ಅವನನ್ನು ಒಳಗೆ ಕೂರಿಸಿ, ಬುತ್ತಿಯಲ್ಲಿದ್ದ ರೊಟ್ಟಿ ಕೊಟ್ಟೆ. ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಕಡೆಗೇ ನೋಡುತ್ತಾ ಕೂತ.

ಅತ್ತ ಗಿರಣಿಯ ಮುಂದೆ ಏನಾಯಿತೆಂಬುದನ್ನು ನನಗೆ ಹೇಳಿದವನು ಆ ಮುದುಕ. ಶಟರ್ ಎತ್ತಿ ಬನಿಯನ್ನಿನ ಮೇಲೆ ಒಬ್ಬ ಮನುಷ್ಯ ಹೊರಗೆ ಬಂದದ್ದೇ ತಡ, ಡ್ರೈವರನೇ ಇರಬೇಕೆಂದು ಹಿಂದಿನಿಂದ ಯಾರೋ ಕಲ್ಲು ಬೀಸಿದರು. ದಫೇದಾರರ ಭುಜಕ್ಕೆ ಬಿತ್ತು. ಅವರು ಓಡಲಿಲ್ಲ, ಹೊಸ್ತಿಲ ಮೇಲೆ ಕೂತುಬಿಟ್ಟರು. ಮುಂದೆ ನಿಂತಿದ್ದ ಹೆಂಗಸೊಬ್ಬಳು ಗುರುತು ಹಿಡಿದು, "ಅಯ್ಯ, ದಫೇದಾರಪ್ಪ ಅದಾನಲ್ಲೋ, ಅಂಗಿ ಎಲ್ಲಿ ಹೋತು?" ಎಂದಳು. ಯಾರೋ ಕಿಸಕ್ಕನೆ ನಕ್ಕರು. ಆ ನಗೆ ಒಂದಿಬ್ಬರಿಗೆ ಹತ್ತಿತು. ಬಡಿಗೆ ಎತ್ತಿದ್ದ ಕೈಗಳು ಇಳಿದವು.

ಆಗ ಅವರು ನಿಜವನ್ನೇ ಹೇಳಿದರಂತೆ. "ಅವ ಹೋದ. ನನ್ನ ಅಂಗಿ ಹಾಕ್ಕೊಂಡು ಹೋದ. ಅವನನ್ನ ಸುಟ್ರ ನಿಮ್ಮ ಹುಡುಗ್ರು ಜೈಲಿಗೆ ಹೋಗ್ತಾರ, ಲಾರಿ ನಾಳೀನೂ ಬರ್ತಾವ. ಲಾರಿ ನಿಂದ್ರಬೇಕಂದ್ರ ರಸ್ತ್ಯಾಗ ಕುಂದರ್ರಿ. ಇಷ್ಟು ದಿನ ನಾ ನಿಮ್ಮ ಕಡಿ ಇರ್ಲಿಲ್ಲ ಅಂದ್ರಿ. ಇವತ್ತು ನಾನೂ ಕುಂದರ್ತೀನಿ."

ಹೇಳಿದ ಹಾಗೇ ಮಾಡಿದರು. ಇಡೀ ಊರು ರಸ್ತೆಯ ಮೇಲೆ ಕೂತಿತು, ನಡುವೆ ಬನಿಯನ್ನಿನ ಮೇಲೆ ದಫೇದಾರರು. ಎರಡೂ ಕಡೆ ಲಾರಿಗಳು ಕಣ್ಣು ಮುಟ್ಟುವ ತನಕ ನಿಂತವು. ಸಂಜೆ ದೊಡ್ಡ ಅಧಿಕಾರಿಗಳು ಬಂದು, ಊರ ಮುಂದೆ ರಸ್ತೆ ಉಬ್ಬು ಹಾಕಿಸಲು, ಶಾಲೆ ಬಿಡುವ ಹೊತ್ತಿನಲ್ಲಿ ಲಾರಿ ತಡೆಯಲು ಒಪ್ಪಿದರು. ಆಸ್ಪತ್ರೆಯಿಂದ ಸುದ್ದಿ ಬಂತು, ಆಕೆ ಬದುಕಿದ್ದಳು. ಕುಂಟುತ್ತಾಳೆ, ಆದರೆ ಇವತ್ತಿಗೂ ಬದುಕಿದ್ದಾಳೆ.

ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ರಸ್ತೆಯ ಮೇಲೆ ಜನರ ನಡುವೆ, ಬನಿಯನ್ ತೊಟ್ಟು, ತಲೆ ಎತ್ತಿ ಚೊಂಬಿನ ನೀರು ಬಾಯಿಗೆ ಸುರಿದುಕೊಳ್ಳುತ್ತಿರುವ ದಪ್ಪ ಮನುಷ್ಯ. ಅಂಗಿ ಯಾಕೆ ಬಿಚ್ಚಿದ ಎಂದು ಕೇಳುವ ವ್ಯವಧಾನ ಮೇಲಿನವರಿಗೆ ಇರಲಿಲ್ಲ. ಸಮವಸ್ತ್ರ ಪರರಿಗೆ ಕೊಟ್ಟದ್ದು, ರಸ್ತೆ ತಡೆಯಲ್ಲಿ ಕೂತದ್ದು ಎರಡನ್ನೂ ಸೇರಿಸಿ ಅವರನ್ನು ಅಮಾನತು ಮಾಡಿದರು.

ವಿಚಾರಣೆಗೆ ನನ್ನನ್ನೂ ಕರೆದರು. ಹೋಗುವ ಮುಂಚೆ ಹೊಸಪೇಟೆಯಲ್ಲಿ ಕಾಲುವೆಯ ಹತ್ತಿರವಿದ್ದ ಅವರ ಮನೆಗೆ ಹೋದೆ. ಲುಂಗಿ ಉಟ್ಟು, ಹೆಂಡತಿಯ ಎದುರಿಗೆ ಕೂತು ಶೇಂಗಾ ಸುಲಿಯುತ್ತಿದ್ದರು. ಭುಜದ ಮೇಲಿನ ಗಾಯ ಇನ್ನೂ ಕಪ್ಪಗಿತ್ತು.

"ನೀ ಒಳಗ ಬರ್ಲೇ ಇಲ್ಲ ಅಂತ ಹೇಳು" ಎಂದರು. "ಹೊರಗ ನಿಂತಿದ್ದೆ, ಅಂಗಿ ವಿಷಯ ಗೊತ್ತಿಲ್ಲ ಅಂತ ಹೇಳು. ನಿಂದು ಇನ್ನೂ ಪ್ರೊಬೇಷನ್ ಐತಿ. ನೌಕರಿ ಹೋದ್ರ ಕಂಪ್ಲ್ಯಾಗ ಬಾಳಿ ಗಿಡ ಎಣಿಸ್ಕೊಂತ ಕುಂದರ್ತಿಯೇನು."

ನಾನು ಹೂ ಎಂದು ಹೋದೆ. ಅಲ್ಲಿ ಹೋಗಿ ಕೂತ ಮೇಲೆ ಹಾಗೆ ಹೇಳಲು ನಾಲಿಗೆ ಹೊರಳಲಿಲ್ಲ. ನಾವಿಬ್ಬರೂ ಸೇರಿ ಮಾಡಿದ್ದು, ಬೆಲ್ಟಿನ ತುದಿಯನ್ನು ಸಿಕ್ಕಿಸಿದವಳು ನಾನೇ, ಹಾಗೆ ಮಾಡದಿದ್ದರೆ ಒಬ್ಬ ಮನುಷ್ಯ ಸುಟ್ಟು ಹೋಗುತ್ತಿದ್ದ ಎಂದು ಹೇಳಿಬಂದೆ. ದಫೇದಾರರು ನನ್ನ ಮೇಲೆ ಸಿಟ್ಟು ಮಾಡಿಕೊಂಡದ್ದು ಅದೊಂದೇ ಸಲ. ನನ್ನ ಮುಖ ನೋಡದೆ, "ಹಿರಿಯರು ಹೇಳಿದ್ದು ಕೇಳಂಗಿಲ್ಲ ನೀನು" ಎಂದರು. ಆಮೇಲೆ ಹೆಂಡತಿಯನ್ನು ಕೂಗಿ, "ಈಕಿಗೆ ತಾಟು ಹಾಕು" ಎಂದರು.

ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಅವರಿಗೆ ಬರಬೇಕಿದ್ದ ಎ.ಎಸ್.ಐ. ಬಡ್ತಿ ನಿಂತುಹೋಯಿತು. ಭುಜಕ್ಕೆ ನಕ್ಷತ್ರ ಬರುತ್ತದೆಂದು ಹೆಂಡತಿ ಅದಾಗಲೇ ಸಂಡೂರಿನ ತವರಿನಲ್ಲೆಲ್ಲ ಹೇಳಿಕೊಂಡಿದ್ದರು. ಅಮಾನತು ಮುಗಿದು ಮತ್ತೆ ಕ್ರಾಸಿಗೆ ಬಂದ ದಿನ, ಇನ್ಸ್‌ಪೆಕ್ಟರ್ ಸಾಹೇಬರು ನನ್ನನ್ನು ಕರೆದು, "ನಿನ್ನ ವರ್ಗಾವಣೆ ಮಾಡಲೇನು ಈಗ?" ಎಂದು ಕೇಳಿದರು. "ಬ್ಯಾಡ್ರಿ ಸರ್" ಎಂದೆ.

ಅವತ್ತು ಮಧ್ಯಾಹ್ನ ಉಣ್ಣುವಾಗ ದಫೇದಾರರು ಇದ್ದಕ್ಕಿದ್ದಂತೆ, "ಆ ಸಿನಿಮಾದಾಗ ಕಡೀಕ ಇಬ್ರೂ ಅಪ್ಪಿಕೊಂಡ್ರಲ್ಲ, ಅದೊಂದು ನನಗ ಸೇರ್ಲಿಲ್ಲ ನೋಡು" ಎಂದರು.

"ಯಾಕ್ರಿ?"

"ಅಷ್ಟೊತ್ತು ಕೂಡಿ ಓಡಾಡಿದವ್ರು ಮತ್ತ ಅಪ್ಪಿಕೊಂಡು ತೋರ್ಸೋದು ಏನೈತಿ" ಎಂದು ರೊಟ್ಟಿ ಮುರಿದರು.

ಅವರು ನಿವೃತ್ತರಾಗುವ ತನಕ ಅವರ ಸಂಗಡ ಆ ಕ್ರಾಸಿನಲ್ಲೇ ಇದ್ದೆ. ಡ್ರೈವರುಗಳ ಕಣ್ಣು ನೋಡುವುದನ್ನು, ಕೀ ಕಿತ್ತುಕೊಳ್ಳುವುದನ್ನು, ಬೈಯುವ ಮುಂಚೆ ಕೇಳುವುದನ್ನು ಕಲಿತೆ. ಕೇಸುಗಳನ್ನೂ ಹಾಕಿದೆ. ನಾನು ಹಾಕಿದ ಕೇಸುಗಳಿಗೆ ಅವರು ಅಡ್ಡ ಬಂದದ್ದು ನೆನಪಿಲ್ಲ, ಅವರು ಮಲಗಿಸಿದವರನ್ನು ನಾನು ಎಬ್ಬಿಸಿದ್ದೂ ನೆನಪಿಲ್ಲ. ಅವರು ಮನೆಗೆ ಹೋದ ಮೇಲೆ ಗಣಿಗಳು ನಿಂತವು. ಲಾರಿಗಳು ಬಾರದಾದವು. ರಸ್ತೆ ಬದಿಯ ಗಿಡಗಳ ಎಲೆ ಮಳೆಗೆ ತೊಳೆದು ಹಸಿರಾಯಿತು. ಅವರ ಎದೆಯೊಳಗೆ ಕೂತ ಧೂಳು ಮಾತ್ರ ಕೂತೇ ಇತ್ತು. ಕೆಮ್ಮು ಬಿಡಲಿಲ್ಲ. ನೋಡಲು ಹೋದಾಗೆಲ್ಲ ದಿಂಬಿಗೆ ಒರಗಿ ಕೂತಿರುತ್ತಿದ್ದರು, ಹೊಟ್ಟೆ ಕರಗಿ ಗುರುತು ಸಿಗದ ಹಾಗಾಗಿದ್ದರು. ಉಸಿರು ಎಳೆದುಕೊಳ್ಳುವುದರ ನಡುವೆಯೂ ಠಾಣೆಯಲ್ಲಿ ಯಾರು ಯಾರ ಸಂಗಡ ಜಗಳ ಆಡಿದರೆಂದು ಕೇಳಿ ತಿಳಿದುಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಅವರ ಮಗ ಫೋನ್ ಮಾಡಿದ. ನಾನು ಹಂಪಿಯಲ್ಲಿ ಡ್ಯೂಟಿಯಲ್ಲಿದ್ದೆ, ಹೇಳಿ ಹೊರಟೆ. ಯೂನಿಫಾರ್ಮಿನಲ್ಲೇ ಹೋದೆ. ಪಡಸಾಲೆಯಲ್ಲಿ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಕೊರಳಲ್ಲಿ ಹೂವು, ಮುಂದೆ ಭಜನೆಯವರು. ಸುತ್ತಲೂ ಹೆಂಗಸರು ತುಂಬಿದ್ದರು. ನಾನು ಬಾಗಿಲಲ್ಲಿ ನಿಂತೆ. ಪೊಲೀಸರು ಯಾಕೆ ಬಂದರೆಂದು ಸಂಡೂರಿನ ಕಡೆಯ ಬಂಧುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮುದುಕಿ, "ಈಕಿ ಯಾರು? ಇವ್ರಿಗೇನಾಗ್ಬೇಕು?" ಎಂದು ಕೇಳಿದಳು.

ದಫೇದಾರರ ಹೆಂಡತಿ ತಲೆ ಎತ್ತಿ ನನ್ನನ್ನು ನೋಡಿದರು.

"ಮನ್ಯಾಗ ನನ್ನ ಸಂಗಡ ಇದ್ರು, ಹೊರಗ ಈಕಿ ಸಂಗಡ ಇದ್ರು" ಎಂದರು. "ಜಾಗ ಬಿಡ್ರಿ, ಕುಂದರ್ಲಿ."

ಹೆಂಗಸರು ಸರಿದರು. ನಾನು ಬೂಟು ಬಿಚ್ಚಿಟ್ಟು ಹೋಗಿ ಅವರ ಹೆಂಡತಿಯ ಪಕ್ಕದಲ್ಲಿ ಕೂತೆ.